ತಮಟೆ ವೇದಿಕೆ ಹತ್ತಿದರೆ ಊರು ಬದಲಾಗುತ್ತದೆಯೇ?

ಪ್ರಶ್ನೆ: ಜಾನಪದ ಸಂಗೀತ ಉತ್ಸವಗಳು ಸಮಾಜವನ್ನು ಬದಲಿಸುತ್ತವೆ ಎನ್ನುತ್ತಾರೆ. ಎರಡು ದಿನದ ವೇದಿಕೆಯಿಂದ ಅಂಥದ್ದೇನಾಗುತ್ತದೆ?

ಉತ್ತರ: ತಮಟೆಯನ್ನೇ ನೋಡೋಣ. ಬಾರಿಸುವ ಮೊದಲು ಒಂದಿಷ್ಟು ಹುಲ್ಲೋ ಕಾಗದವೋ ಹೊತ್ತಿಸಿ ಚರ್ಮವನ್ನು ಕಾಯಿಸುತ್ತಾರೆ. ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಸದ್ದು ಬಿಗಿಯಾದ ಮೇಲೆ ಒಂದು ಕೈಗೆ ತೆಳುವಾದ ಉದ್ದ ಕಡ್ಡಿ, ಇನ್ನೊಂದಕ್ಕೆ ಗಿಡ್ಡ ಕೋಲು. ಸಾವಿನ ಮನೆಯ ಮುಂದೆ ನಡೆಯುವ ಈ ತಯಾರಿಯೇ ಉತ್ಸವದ ವೇದಿಕೆಯ ಹಿಂದೆಯೂ ನಡೆಯುತ್ತದೆ.

ಆದರೆ ಊರಿನಲ್ಲಿ ಅದು ದಲಿತ ಕೇರಿಯ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಸಾವು, ಜಾತ್ರೆ, ಡಂಗುರ ಯಾವುದಕ್ಕೆ ಕರೆದರೂ ಹೋಗಲೇಬೇಕು. ದೇವರ ಮೆರವಣಿಗೆಯ ಮುಂದೆ ಬಾರಿಸಿದವನು ಗುಡಿಯ ಹೊಸ್ತಿಲು ದಾಟುವಂತಿಲ್ಲ. ಉತ್ಸವದಲ್ಲಿ ಅದೇ ಕೈಗಳಿಗೆ ಆಹ್ವಾನ ಪತ್ರಿಕೆ, ಸಂಭಾವನೆ, ಚಪ್ಪಾಳೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಇದು ಸಣ್ಣ ಸಂಗತಿಯಲ್ಲ.

ಹಾಗೆಂದು ಎಲ್ಲವನ್ನೂ ಉತ್ಸವಗಳ ಲೆಕ್ಕಕ್ಕೆ ಬರೆಯಲಾಗದು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಸಭೆ, ಜಾಥಾಗಳಲ್ಲಿ ಹಾಡು ಮೊಳಗಿದಾಗ ತಮಟೆಯ ಸದ್ದಿಗೆ ಬೇರೆಯೇ ಅರ್ಥ ಬಂದಿತು. ಹಲವು ಊರುಗಳಲ್ಲಿ ಹುಡುಗರು ‘ಸಾವಿಗೆ ಬಡಿಯುವುದಿಲ್ಲ’ ಎಂದರು, ಅದಕ್ಕಾಗಿ ಬಹಿಷ್ಕಾರವನ್ನೂ ಉಂಡರು. ಉತ್ಸವ ಬಂದದ್ದು ಆ ಮೇಲೆ.

ಉತ್ಸವವೇ ಪ್ರಶ್ನೆ ಎತ್ತಿದ್ದೂ ಉಂಟು. ಚೆನ್ನೈನಲ್ಲಿ ಧನುರ್ಮಾಸವೆಂದರೆ ಸಭಾಗಳ ಕರ್ನಾಟಕ ಸಂಗೀತದ ಕಾಲ. 2020ರ ಡಿಸೆಂಬರ್‌ನಲ್ಲಿ ತಮಿಳು ಚಲನಚಿತ್ರ ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ ಅದೇ ತಿಂಗಳಿನಲ್ಲಿ, ಅದೇ ನಗರದಲ್ಲಿ ‘ಮಾರ್ಗಳಿಯಿಲ್ ಮಕ್ಕಳಿಸೈ’ (ಧನುರ್ಮಾಸದಲ್ಲಿ ಜನಸಂಗೀತ) ಎಂಬ ಉತ್ಸವ ನಡೆಸಿ ತಮಟೆಯ ದಾಯಾದಿಯಾದ ಪರೈಯನ್ನೂ ಚೆನ್ನೈನ ಕೇರಿಗಳ ಗಾನಾ ಹಾಡುಗಳನ್ನೂ ವೇದಿಕೆಗೆ ತಂದಿತು. ತಿಂಗಳ ಆಯ್ಕೆಯಲ್ಲೇ ಅದರ ಮಾತೆಲ್ಲ ಇತ್ತು.

ನಮ್ಮಲ್ಲಿನ ಎಷ್ಟೋ ಸರ್ಕಾರಿ ಉತ್ಸವಗಳಿಗೆ ಆ ಚುರುಕಿಲ್ಲ. ಬಿಸಿಲಿನಲ್ಲಿ ಮೆರವಣಿಗೆಯ ಮುಂದೆ ತಂಡಗಳನ್ನು ನಡೆಸಿ, ಗಣ್ಯರ ಭಾಷಣ ಮುಗಿಯುವವರೆಗೆ ಕಾಯಿಸಿ, ಕೊನೆಗೆ ಹತ್ತು ನಿಮಿಷ ಕೊಡುತ್ತಾರೆ. (ಶಾಲು ಮಾತ್ರ ಗಣ್ಯರಿಗೆ ಮೊದಲು.) ಇದರಿಂದ ಯಾರ ಊರೂ ಬದಲಾಗುವುದಿಲ್ಲ.

ಮುಂದಿನ ಸಲ ಉತ್ಸವಕ್ಕೆ ಹೋದಾಗ ವೇದಿಕೆಯ ಹಿಂದೆ ತಮಟೆ ಕಾಯಿಸುತ್ತಿರುವವರ ಪಕ್ಕ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಸಂಭಾವನೆ ಕೈಗೆ ಬಂತೇ, ಊರಿನಲ್ಲಿ ಕರೆದಾಗ ‘ಬರುವುದಿಲ್ಲ’ ಎನ್ನಲು ಈಗ ಆಗುತ್ತದೆಯೇ ಎಂದು ಕೇಳಿ. ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಅವರೇ ಉತ್ತರಿಸುತ್ತಾರೆ.