ಕೆಲಸ ಸಿಕ್ಕಿತು, ಪಹಣಿಯಲ್ಲಿ ಹೆಸರು ಬರಲಿಲ್ಲ: ಜನಪ್ರಿಯ ಕಾದಂಬರಿಯ ನಾಯಕಿ ನಡೆದ ದಾರಿ

ಮಹಿಳೆಯರು ಬರೆದ, ಮಹಿಳೆಯರೇ ಹೆಚ್ಚಾಗಿ ಓದಿದ ಜನಪ್ರಿಯ ಕಾದಂಬರಿಗಳ ಮಾತೆತ್ತಿದರೆ ಎರಡು ಬಣ ಎದ್ದು ನಿಲ್ಲುತ್ತವೆ. ಒಂದು ಬಣಕ್ಕೆ ಅದು ‘ಅಡುಗೆಮನೆ ಸಾಹಿತ್ಯ’. ಹೆಣ್ಣನ್ನು ಮುನ್ನೂರು ಪುಟ ಅಳಿಸಿ ಕೊನೆಗೆ ಗಂಡನ ಮನೆಯ ಹೊಸ್ತಿಲಿಗೇ ತಂದುಬಿಡುವ ಸರಕು. ಇನ್ನೊಂದಕ್ಕೆ ಅದೇ ಸ್ತ್ರೀವಾದದ ಮೊದಲ ಪಾಠ. ಇವರು ಎಂಬತ್ತರ ದಶಕದ ವಾರಪತ್ರಿಕೆ ಧಾರಾವಾಹಿಗಳನ್ನು ನೆನೆದು ಬೈದರೆ ಅವರು ಅರವತ್ತರ ದಶಕದ ಮೂರು ನಾಲ್ಕು ಹೆಸರು ಹಿಡಿದು ಉತ್ತರಿಸುತ್ತಾರೆ. ಜಗಳ ಹರಿಯದಿರುವುದು ಅದಕ್ಕೇ.

ನಂಜನಗೂಡು ತಿರುಮಲಾಂಬ 1913ರಲ್ಲಿ ಸ್ವಂತ ಗ್ರಂಥಮಾಲೆ ಶುರುಮಾಡಿದರು. ಆ ಕಾಲಕ್ಕೆ ವಿಧವೆಯೊಬ್ಬರು ಪ್ರಕಾಶಕಿಯಾದದ್ದೇ ಬಂಡಾಯ. ಅವರ ಕಥೆಯೊಳಗಿನ ಹೆಣ್ಣು ಮಾತ್ರ ಪತಿವ್ರತೆಯಾಗಿಯೇ ಉಳಿದಳು. ಐವತ್ತರ ದಶಕದ ಹೊತ್ತಿಗೆ ತ್ರಿವೇಣಿ ಬಂದರು. ಮನಶ್ಶಾಸ್ತ್ರ ಓದಿದ್ದ ಅವರು, ಅಲ್ಲಿಯವರೆಗೆ ‘ಮೈಮೇಲೆ ಬಂದಿದೆ’ ಎಂದು ಮುಗಿಸುತ್ತಿದ್ದ ಬಾಣಂತಿಯ ಮಾನಸಿಕ ಕಾಯಿಲೆಯನ್ನು ಕಾದಂಬರಿಯ ನಡುಮನೆಗೆ ತಂದರು.

ಇಲ್ಲಿಂದ ಕಥೆ ಮಲೆನಾಡಿಗೆ ತಿರುಗುತ್ತದೆ. ಎಂ. ಕೆ. ಇಂದಿರಾ ಮತ್ತು ಅನುಪಮಾ ನಿರಂಜನ, ಇಬ್ಬರೂ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಅನುಪಮಾ ವೈದ್ಯೆ. ಇಂದಿರಾ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂದಾಗ ವಯಸ್ಸು ನಲವತ್ತೈದು ದಾಟಿತ್ತು. 1976ರ ‘ಫಣಿಯಮ್ಮ’ದಲ್ಲಿ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿಕೊಂಡ ಮಡಿ ಹೆಂಗಸು, ಹೆರಿಗೆಯಾಗದೆ ಒದ್ದಾಡುವ ಕೆಳಜಾತಿಯ ಹೆಣ್ಣಿನ ಬಳಿಗೆ ಹೋಗುತ್ತಾಳೆ. ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದ ಎಳೆಯ ವಿಧವೆಯ ಪರವಾಗಿಯೂ ನಿಲ್ಲುತ್ತಾಳೆ. ಅವಳು ಭಾಷಣ ಮಾಡುವುದಿಲ್ಲ, ಮನೆ ಬಿಟ್ಟೂ ಹೋಗುವುದಿಲ್ಲ.

ಇಂಥ ಪುಸ್ತಕಗಳ ಜೊತೆಯಲ್ಲೇ ವಾರಪತ್ರಿಕೆಯ ಧಾರಾವಾಹಿ ಬೆಳೆಯಿತು. ‘ಸುಧಾ’ 1965ರಲ್ಲಿ, ‘ತರಂಗ’ 1983ರಲ್ಲಿ ಶುರುವಾದವು. ಜನಪ್ರಿಯ ನಾಯಕಿಯ ರೂಪುರೇಷೆ ಗಟ್ಟಿಯಾದದ್ದು ಈ ಅವಧಿಯಲ್ಲಿ, ಮತ್ತು ಅದಕ್ಕೆ ಲೇಖಕಿಯರ ಮನೋಧರ್ಮಕ್ಕಿಂತ ಓದಿನ ವ್ಯವಸ್ಥೆ ಹೆಚ್ಚು ಕಾರಣ. ಮಲೆನಾಡಿನ ಒಂಟಿಮನೆಗಳಿಗೆ ಪತ್ರಿಕೆ ಬಸ್ಸಿನಲ್ಲಿ ಬರಬೇಕು. ಬಂದ ಒಂದೇ ಪ್ರತಿಯನ್ನು ಅತ್ತೆ, ಸೊಸೆ, ಮದುವೆಯಾಗದ ನಾದಿನಿ ಸರದಿಯಲ್ಲಿ ಓದಿ, ಮುಂದಿನ ಮನೆಗೆ ದಾಟಿಸುತ್ತಿದ್ದರು. ವರ್ಷ ಕಳೆದ ಮೇಲೆ ಧಾರಾವಾಹಿಯನ್ನು ಪುಸ್ತಕ ಮಾಡುವ ಕೆಲಸ: ಪಿನ್ನು ಬಿಡಿಸಿ, ಹಾಳೆಗಳನ್ನು ವಾರದ ಪ್ರಕಾರ ಜೋಡಿಸಿ, ಅಂಚಿನಿಂದ ಅರ್ಧ ಅಂಗುಲ ಒಳಗೆ ದಬ್ಬಳದಲ್ಲಿ ಮೂರು ತೂತು ಹಾಕಿ ಹೊಲಿಯುವುದು, ಮೈದಾ ಅಂಟಿನಲ್ಲಿ ರಟ್ಟು ಕೂರಿಸುವುದು. ಬರೀ ಮೈದಾ ಅಂಟಾದರೆ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದು ಹುಳ ಬೀಳುತ್ತದೆ. ಚಿಟಿಕೆ ಮೈಲುತುತ್ತ ಬೆರೆಸಿದರೆ ತಡೆಯುತ್ತದೆ. ಕೊಳೆರೋಗದ ಔಷಧಿಗೆಂದು ತಂದದ್ದು ಅಡಿಕೆ ಬೆಳೆಗಾರರ ಮನೆಯಲ್ಲಿ ಇದ್ದೇ ಇರುತ್ತದೆ. ಹೊಲಿಗೆ ತುಸು ಒಳಗೆ ಹೋದರೆ ಸಾಲುಗಳ ತುದಿಯ ಅಕ್ಷರ ಮಾಯ. ಒಂದು ವಾರದ ಸಂಚಿಕೆ ನೆಂಟರ ಮನೆಗೆ ಹೋಗಿ ವಾಪಸು ಬರದಿದ್ದರೆ ನಾಯಕಿಗೆ ನಿಶ್ಚಿತಾರ್ಥವಾದದ್ದೇ ಗೊತ್ತಾಗದೆ ಬಾಣಂತನಕ್ಕೆ ಬಂದು ನಿಲ್ಲಬೇಕು.

ಅತ್ತೆಯೂ ಸೊಸೆಯೂ ಒಂದೇ ಪ್ರತಿ ಓದುವಾಗ ಕಥೆ ಇಬ್ಬರಿಗೂ ಒಪ್ಪಬೇಕು. ಹಾಗಾಗಿ ಸಾಮಾನ್ಯ ಅಚ್ಚು ಹೀಗಿತ್ತು: ಮೊದಲ ಕೆಲವು ಕಂತುಗಳಲ್ಲಿ ಹೆಣ್ಣು ನೋಡುವ ಶಾಸ್ತ್ರ, ಆಮೇಲೆ ಒಂದು ತಪ್ಪು ತಿಳಿವಳಿಕೆ. ಒಂದು ಮಾತು ಆಡಿದರೆ ಬಗೆಹರಿಯುವಂಥದ್ದು. ಆದರೆ ನಾಯಕಿ ಬಾಯಿ ಬಿಟ್ಟರೆ ಕಂತು ಮುಗಿದುಹೋಗುತ್ತದೆ, ಆದ್ದರಿಂದ ಮೌನವೇ ಸದ್ಗುಣ. ಜಡೆ, ನೂಲಿನ ಸೀರೆ, ಕುಂಕುಮ ಅವಳ ಗುರುತು. ಮನೆ ಒಡೆಯುವವಳಿಗೆ ಬಾಬ್ ಕಟ್, ತೋಳಿಲ್ಲದ ರವಿಕೆ, ಕ್ಲಬ್ಬು. ಗಂಡನಿಗೆ ಕಾಯಿಲೆಯೋ ಸಾಲವೋ ಬಂದಾಗ ನಾಯಕಿಗೆ ಕೆಲಸ ಸಿಗುತ್ತದೆ, ಗಂಡ ಚೇತರಿಸಿಕೊಂಡಾಗ ರಾಜೀನಾಮೆ. ಕಥೆ ಎಳೆಯಬೇಕಾದರೆ ಅಪಘಾತ, ಇಲ್ಲವೇ ವಿದೇಶದಿಂದ ಬರುವ ಸೋದರಮಾವನ ಮಗ.

ಈ ನಾಯಕಿ ಮಾಡುವ ಕೆಲಸವೆಂದರೆ ಹೆಚ್ಚಾಗಿ ಕಾಫಿ ತಂದುಕೊಡುವುದು. ಓದುಗರ ಮನೆಯಲ್ಲಿ ಆಗ ಅಡಿಕೆ ಸುಲಿತ ನಡೆಯುತ್ತಿರುತ್ತದೆ. ಕೊಯ್ದು ತಂದ ಹಸಿ ಕಾಯಿ ರಾಶಿಯಲ್ಲೇ ಉಳಿದರೆ ಕೆಡುತ್ತದೆ. ಹಾಗಾಗಿ ಚಪ್ಪರದ ಕೆಳಗೆ ದೀಪ ಹಚ್ಚಿ, ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿಕೊಂಡು, ಮನೆಯ ಹೆಂಗಸರೂ ಆಳು ಹೆಂಗಸರೂ ರಾತ್ರಿಯವರೆಗೆ ಸುಲಿಯಬೇಕು. ಅಷ್ಟೂ ಜನರಿಗೆ ಅಡುಗೆಯನ್ನೂ ಮಾಡಬೇಕು. ಬೆರಳು ಚೊಗರಿಗೆ ಕಪ್ಪಾಗಿ ವಾರಗಟ್ಟಲೆ ಹೋಗುವುದಿಲ್ಲ. ಕಾದಂಬರಿಯ ಸುಕೋಮಲ ಬೆರಳುಗಳಿಗೆ ಈ ಕಪ್ಪು ಹತ್ತುವುದು ಬಲು ಅಪರೂಪ. ಆಳು ಹೆಂಗಸರಂತೂ ಸುದ್ದಿ ತರಲಷ್ಟೇ ಬಂದು ಹೋಗುತ್ತಾರೆ.

ಅದಕ್ಕಿಂತ ದೊಡ್ಡ ಮೌನ ಆಸ್ತಿಯದ್ದು. ತ್ರಿವೇಣಿಯವರ ಕಾದಂಬರಿಯಿಂದ ಬಂದ 1967ರ ‘ಬೆಳ್ಳಿಮೋಡ’ ಚಿತ್ರದಲ್ಲಿ ಏಕೈಕ ವಾರಸುದಾರಳೆಂದು ಹುಡುಗಿಯನ್ನು ಒಪ್ಪಿದ್ದವನು ಅವಳಿಗೆ ತಮ್ಮ ಹುಟ್ಟಿದೊಡನೆ ಹಿಂದೆ ಸರಿಯುತ್ತಾನೆ. ಕೊನೆಗೆ ಅವಳೂ ಅವನನ್ನು ನಿರಾಕರಿಸುತ್ತಾಳೆ. ಅಲ್ಲೂ ಆಸ್ತಿ ಬರುವುದು ಗಂಡಿನ ದುರಾಸೆಯಾಗಿ. ಮಗಳಿಗೂ ಪಾಲಿದೆಯಲ್ಲ ಎಂಬ ಪ್ರಶ್ನೆಯಾಗಿ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲೇ ಬಂದಿತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಯಾಗಿ, ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾಗಿದ್ದವರು ಹೊರಗುಳಿದರು. ಮದುವೆಯಾದವರೂ ಸೇರಿದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಇಷ್ಟೆಲ್ಲ ಆಗುವಾಗ ಜನಪ್ರಿಯ ನಾಯಕಿ ವರದಕ್ಷಿಣೆ ವಿರೋಧಿಸಿದಳು, ಗಂಡನನ್ನು ಕ್ಷಮಿಸಿದಳು, ಕೆಲವೊಮ್ಮೆ ಬಿಟ್ಟೂ ಬಂದಳು. ತವರಿನ ತೋಟದಲ್ಲಿ ಪಾಲು ಕೇಳಿದವಳನ್ನು ಹುಡುಕಬೇಕು. ಅಣ್ಣ ಮುಂದಿಟ್ಟ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ತ್ಯಾಗದ ಲೆಕ್ಕಕ್ಕೆ ಸೇರುತ್ತಿತ್ತು. ಅಣ್ಣನೂ ಅತ್ತಿಗೆಯೂ ಓದುವ ಪತ್ರಿಕೆಯಲ್ಲಿ ಬೇರೆಯದನ್ನು ಅಚ್ಚು ಹಾಕುವುದು ಕಷ್ಟವೇ ಇತ್ತು.

ತೊಂಬತ್ತರ ದಶಕದಿಂದಾಚೆ ಈ ಅಚ್ಚು ಸೀದಾ ಟಿವಿಗೆ ಹೋಯಿತು. ಅಲ್ಲಿ ಅತ್ತೆಗೆ ಒಡವೆ ಹೆಚ್ಚಾಯಿತು, ಇನ್ನೇನೂ ಬದಲಾಗಲಿಲ್ಲ.

ಈಗ ಕಾದಂಬರಿ ಮೊಬೈಲಿಗೆ ಬಂದಿದೆ. 2014ರಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಯಾರು ಬೇಕಾದರೂ ಕಂತು ಹಾಕಬಹುದು. ಓದುವವರು ಒಬ್ಬರೇ, ಸೊಸೆ ಏನು ಓದುತ್ತಿದ್ದಾಳೆಂದು ಅತ್ತೆಗೆ ಕಾಣುವುದಿಲ್ಲ. ಇದರಿಂದ ಕೆಲವು ಬಾಗಿಲು ನಿಜಕ್ಕೂ ತೆರೆದಿವೆ: ವಿಚ್ಛೇದಿತೆಯ ಎರಡನೇ ಪ್ರೀತಿ, ಮಗು ಬೇಡವೆನ್ನುವ ಹೆಂಡತಿ, ಹಾಸಿಗೆಯಲ್ಲಿ ‘ಒಲ್ಲೆ’ ಎಂಬ ಮಾತು. ಆದರೂ ಹೆಚ್ಚು ಓಡುವ ಕಥೆಗಳಲ್ಲಿ ಒಪ್ಪಂದದ ಮದುವೆ ಒಂದು. ಕೋಟ್ಯಧಿಪತಿ ಸಿಡುಕ, ಸಾಲದಲ್ಲಿರುವ ಬಡ ಹುಡುಗಿ, ಆರು ತಿಂಗಳ ಕರಾರು. ಪ್ರತಿ ಕಂತಿನ ಕೆಳಗೆ ಓದುಗರು ‘ಅವರನ್ನು ಬೇಗ ಒಂದು ಮಾಡಿ’ ಎಂದು ಬರೆಯುತ್ತಾರೆ, ಹಿಂಬಾಲಿಸುವವರ ಸಂಖ್ಯೆ ನೋಡಿಕೊಂಡು ಲೇಖಕಿ ಮುಂದಿನ ಕಂತು ಹೊಸೆಯುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಹುಡುಗಿ ಗಂಡನ ಕಂಪನಿಯಲ್ಲೇ ಎಂಡಿ ಆಗಿರುತ್ತಾಳೆ. ಷೇರುಗಳು ಮಾವನವರ ಹೆಸರಿನಲ್ಲಿರುತ್ತವೆ.