ಮನೆ ಕಂಪ್ಯೂಟರ್‌ಗೆ ಲಿನಕ್ಸ್: ಮೊದ್ಲು ಪ್ರಿಂಟರ್ ನೋಡಿ, ಆಮೇಲೆ ಪೆನ್‌ಡ್ರೈವ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಮಾಮೂಲಿ ಅಪ್‌ಡೇಟ್ ನಿಂತೋಯ್ತಲ್ಲ, ಅವಾಗಿಂದ ನನ್ನ ಸರ್ವಿಸ್ ಅಂಗಡಿಗೆ ಬರೋರು ಕೇಳೋದು ಹೆಚ್ಚಾಗಿ ಇದನ್ನೇ, "ಸಾರ್, ಇದಕ್ಕೆ ಹನ್ನೊಂದು ಹಾಕಕ್ಕಾಗಲ್ವಂತೆ, ಹೊಸದೇ ತಗೋಬೇಕಾ?" ವಿಂಡೋಸ್ 11ಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚೂಕಮ್ಮಿ ಎಂಟನೇ ಜನರೇಶನ್‌ನಿಂದ ಈಚೆಗಿನ ಪ್ರೊಸೆಸರ್ ಬೇಕು, ಹಾಗಾಗಿ 2016-17ರಲ್ಲಿ ಮಕ್ಕಳ ಓದಿಗೆ ಅಂತ ತಗೊಂಡ ಆರನೇ, ಏಳನೇ ಜನರೇಶನ್ ಐ3, ಐ5 ಎಲ್ಲಾ ಹೊರಗುಳೀತು. ಆ ಮೆಷಿನ್‌ಗಳಲ್ಲಿ ಕೆಟ್ಟಿರೋದು ಏನೂ ಇಲ್ಲ. ಅವನ್ನ ಗುಜರಿಗೆ ಹಾಕೋದು ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ.

ಲಿನಕ್ಸ್ ಅಂದ್ರೆ ವಿಂಡೋಸ್ ಜಾಗದಲ್ಲಿ ಕಂಪ್ಯೂಟರ್ ನಡೆಸೋ ಉಚಿತ ಸಿಸ್ಟಮ್. ಅದನ್ನ ಹಾಕ್ಬೋದು ಅಂತೀನಿ, ಆದ್ರೆ ತಕ್ಷಣ ಹಾಕಿಕೊಡಲ್ಲ. ಈ ಕಂಪ್ಯೂಟರಲ್ಲಿ ನೀವು ಏನೇನ್ ಕೆಲಸ ಮಾಡ್ತೀರ, ಇದಕ್ಕೆ ಏನೇನ್ ಕನೆಕ್ಟ್ ಮಾಡ್ತೀರ, ಎರಡನ್ನೂ ಒಂದು ಚೀಟೀಲಿ ಬರ್ಕೊಂಡ್ ಬನ್ನಿ ಅಂತೀನಿ. ಬ್ರೌಸರ್, ಯೂಟ್ಯೂಬ್, ಬ್ಯಾಂಕ್, ಮೇಲ್, ಫೋಟೋ, ಒಂದಿಷ್ಟು ಟೈಪಿಂಗ್, ಇಷ್ಟೇ ಆದ್ರೆ ಕಣ್ಮುಚ್ಚಿ ಹಾಕ್ಬೋದು. ಮನೇಲಿ ಯಾರಾದ್ರೂ ಟ್ಯಾಲಿ ಬರೀತಿದ್ರೆ, ಜಿಎಸ್‌ಟಿಗೆ ಡಿಜಿಟಲ್ ಸಿಗ್ನೇಚರ್ ಟೋಕನ್ ಹಾಕ್ತಿದ್ರೆ ಆ ಮೆಷಿನ್ ವಿಂಡೋಸಲ್ಲೇ ಇರ್ಲಿ. ವಿಂಡೋಸ್ ಪ್ರೋಗ್ರಾಮ್‌ಗಳನ್ನ ಲಿನಕ್ಸಲ್ಲಿ ನಡೆಸೋ ವೈನ್ ಅನ್ನೋ ಸಾಫ್ಟ್‌ವೇರ್ ಮೇಲೆ ಟ್ಯಾಲಿ ಓಡಿಸೋರು ಇದ್ದಾರೆ, ಆದ್ರೆ ಮಾರ್ಚ್ ಕೊನೇ ವಾರ ಅದು ಕೈಕೊಟ್ರೆ ಯಾರನ್ನ ಕೇಳ್ತೀರ? ಟೋಕನ್‌ಗೆ ಲಿನಕ್ಸ್ ಡ್ರೈವರ್ ಸಿಕ್ಕಿದ್ರೂ ಸಹಿ ಹಾಕ್ಸೋ ಪೋರ್ಟಲ್‌ನ ಸಾಫ್ಟ್‌ವೇರ್ ಅದನ್ನ ಒಪ್ಪಬೇಕು. ಎಕ್ಸೆಲ್ ಮ್ಯಾಕ್ರೋ ಬರೆದಿಟ್ಕೊಂಡಿರೋರಿಗೂ, ವ್ಯಾಲರಂಟ್ ಆಡೋ ಹುಡುಗ್ರಿಗೂ ಇದೇ ಮಾತು.

ಪ್ರಿಂಟರ್ ವಿಷ್ಯ ಜನ ಕೊನೇಗೆ ಹೇಳ್ತಾರೆ, ನಾನು ಮೊದ್ಲು ಕೇಳ್ತೀನಿ. ಎಚ್‌ಪಿಯ ಬಹಳಷ್ಟು ಮಾಡೆಲ್‌ಗಳಿಗೆ ಎಚ್‌ಪಿಲಿಪ್ ಅನ್ನೋ ಡ್ರೈವರ್ ಲಿನಕ್ಸಲ್ಲೇ ಸಿಗತ್ತೆ, ಕೇಬಲ್ ಹಾಕಿದ್ರೆ ಪ್ರಿಂಟ್ ಬರತ್ತೆ. ಆದ್ರೆ ನಮ್ಮ ಕಡೆ ಜೆರಾಕ್ಸ್ ಅಂಗಡಿಯಿಂದ ಹಿಡಿದು ಮನೆ ತನಕ ಎಲ್ಲಾ ಕಡೆ ಕಾಣೋ ಕ್ಯಾನನ್ ಎಲ್‌ಬಿಪಿ 2900 ಇದೆಯಲ್ಲ, ಅದು ಕ್ಯಾಪ್ಟ್ ಅನ್ನೋ ತನ್ನದೇ ಪದ್ಧತೀಲಿ ಕೆಲಸ ಮಾಡತ್ತೆ, ಅದಕ್ಕೆ ಬೇರೆ ಡ್ರೈವರ್ ಹುಡುಕಿ ಕೂರಿಸ್ಬೇಕು, ಹೊಸಬರಿಗೆ ಅದು ಸುಲಭ ಅಲ್ಲ. ಪ್ರಿಂಟರ್ ಮಾಡೆಲ್ ನಂಬರ್ ಗೊತ್ತಿಲ್ದೆ ಯಾರಿಗೂ ಮಾತು ಕೊಡ್ಬೇಡಿ.

ಇನ್ನು ಕನ್ನಡ. ಇದನ್ನ ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಕೀಬೋರ್ಡ್ ಬಗ್ಗೆ ಭಯ ಬೇಡ, ಸಾಫ್ಟ್‌ವೇರ್ ಮ್ಯಾನೇಜರಿಂದ ಐಬಸ್-ಎಂ17ಎನ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿದ್ರೆ ನುಡಿಯಲ್ಲಿ ಅಭ್ಯಾಸ ಆಗಿರೋ ಅದೇ ಕೆಜಿಪಿ ಕೀಲಿಮಣೆ ಬರತ್ತೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯೋರಿಗೆ ಐಟ್ರಾನ್ಸ್ ಇದೆ, ಇನ್‌ಸ್ಕ್ರಿಪ್ಟ್ ಅಂತೂ ಇದ್ದೇ ಇದೆ. ತೊಂದ್ರೆ ಹಳೇ ಫೈಲ್‌ಗಳದ್ದು. ಹತ್ತು ಹದಿನೈದು ವರ್ಷದ ಹಿಂದೆ ನುಡಿ, ಬರಹದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಸಂಘದ ನಡಾವಳಿ, ಲಗ್ನಪತ್ರಿಕೆ ಬಹಳಷ್ಟು ಯೂನಿಕೋಡ್ (ಈಗ ಎಲ್ಲಾ ಕಡೆ ನಡೆಯೋ ಅಕ್ಷರ ಸಂಕೇತ ಪದ್ಧತಿ) ಅಲ್ಲ. ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ, ಮೇಲೆ ಫಾಂಟ್ ಕನ್ನಡ ತೋರಿಸ್ತಿರತ್ತೆ. ಲಿನಕ್ಸಲ್ಲಿ ಆ ಫಾಂಟ್ ಇರಲ್ಲ, ಫೈಲ್ ತೆರೆದ್ರೆ ಏನೇನೋ ಗೀಚಿದ ಹಾಗೆ ಕಾಣತ್ತೆ, ಮೇಷ್ಟ್ರುಗಳು ಎಲ್ಲಾ ಹೋಯ್ತು ಅಂತ ಗಾಬರಿ ಆಗ್ತಾರೆ. ಏನೂ ಹೋಗಿರಲ್ಲ. ಹಳೇ ಮೆಷಿನ್‌ನಿಂದ ಆ ಫಾಂಟ್ ಫೈಲ್‌ಗಳನ್ನ ಕಾಪಿ ಮಾಡಿಟ್ಕೊಳ್ಳಿ, ಬೇಕಾದ ಫೈಲ್‌ಗಳನ್ನ ವಿಂಡೋಸ್ ಇದ್ದಾಗ್ಲೇ ಯೂನಿಕೋಡ್‌ಗೆ ಬದಲಾಯಿಸಿ, ಅದಕ್ಕೆ ಉಚಿತ ಕನ್ವರ್ಟರ್‌ಗಳಿವೆ. ಬದಲಾದ್ಮೇಲೆ ಒಂದ್ಸಲ ಓದಿ, ಅರ್ಕಾವತ್ತು, ಒತ್ತಕ್ಷರದ ಹತ್ರ ತಪ್ಪು ನುಸುಳತ್ತೆ. ಹಾಗೇ ವಿಂಡೋಸಿನ ತುಂಗಾ ಫಾಂಟಲ್ಲಿ ಮಾಡಿದ ಫೈಲ್ ಲಿನಕ್ಸಲ್ಲಿ ವರ್ಡ್, ಎಕ್ಸೆಲ್ ಬದಲು ಬಳಸೋ ಲಿಬ್ರೆ ಆಫೀಸಲ್ಲಿ ತೆರೆದಾಗ ನೋಟೋ ಅಥ್ವಾ ಗುಬ್ಬಿ ಫಾಂಟಲ್ಲಿ ಬರ್ಬೋದು, ಅಕ್ಷರದ ಅಗಲ ಬೇರೆ, ಎರಡು ಪುಟದ ಪ್ರಶ್ನೆಪತ್ರಿಕೆ ಮೂರನೇ ಪುಟಕ್ಕೆ ಹೋಗತ್ತೆ. ಬೇರೆಯವರಿಗೆ ಕಳಿಸೋದಾದ್ರೆ ಪಿಡಿಎಫ್ ಮಾಡಿ ಕಳಿಸಿ.

ಚೀಟಿ ಪಾಸಾಯ್ತು ಅಂದ್ರೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಇಳಿಸ್ಕೊಳ್ಳಿ, 8 ಜಿಬಿ ಪೆನ್‌ಡ್ರೈವ್‌ಗೆ ರುಫಸ್ ಅಥ್ವಾ ವೆಂಟಾಯ್ ಅನ್ನೋ ಉಚಿತ ಸಾಫ್ಟ್‌ವೇರ್‌ನಿಂದ ಹಾಕಿ. ಪೆನ್‌ಡ್ರೈವ್‌ನಲ್ಲಿರೋದೆಲ್ಲ ಅಳಿಸ್ಹೋಗತ್ತೆ, ನೆನಪಿರ್ಲಿ. ಆ ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಿದ್ರೆ ಹಾರ್ಡ್ ಡಿಸ್ಕ್ ಮುಟ್ಟದೇನೇ ಲಿನಕ್ಸ್ ಓಡತ್ತೆ. ಇನ್‌ಸ್ಟಾಲ್ ಬಟನ್ ಕಡೆ ಹೋಗ್ಬೇಡಿ, ಒಂದು ಸಂಜೆ ಪೂರ್ತಿ ಹೀಗೇ ಬಳಸಿ, ಪ್ರಿಂಟ್ ತೆಗೀರಿ, ವಿಡಿಯೋ ಕಾಲ್ ಮಾಡಿ, ಲಿಡ್ ಮುಚ್ಚಿ ತೆಗೆದು ನೋಡಿ. ವೈಫೈ ಸಿಗ್ಲಿಲ್ಲ ಅಂದ್ರೆ ಬೇಜಾರಾಗ್ಬೇಡಿ, ಕೆಲವು ಬ್ರಾಡ್‌ಕಾಮ್, ರಿಯಲ್‌ಟೆಕ್ ಚಿಪ್‌ಗಳಿಗೆ ಡ್ರೈವರ್ ಆಮೇಲೆ ಹಾಕ್ಬೇಕು, ಅಲ್ಲೀತನಕ ಆಂಡ್ರಾಯ್ಡ್ ಫೋನನ್ನ ಕೇಬಲಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ಇಂಟರ್ನೆಟ್ ಬರತ್ತೆ.

ಇಲ್ಲೊಂದು ಖಡಾಖಂಡಿತ ಮಾತು. 4 ಜಿಬಿ ರ‍್ಯಾಮ್, ತಿರುಗೋ ಹಾರ್ಡ್ ಡಿಸ್ಕ್ ಇರೋ ಮೆಷಿನ್‌ಗೆ ಲಿನಕ್ಸ್ ಹಾಕಿದ ತಕ್ಷಣ ಹೊಸದಾಗ್ಬಿಡತ್ತೆ ಅಂತ ಹೇಳೋರನ್ನ ನಂಬಬೇಡಿ. ಮೊದ್ಲು ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ದಿರೋ ವೇಗದ ಡಿಸ್ಕ್) ಹಾಕ್ಸಿ, ಬದಲಾವಣೆ ಗೊತ್ತಾಗೋದು ಅದ್ರಿಂದ. ಕ್ರೋಮಲ್ಲಿ ಇಪ್ಪತ್ತು ಟ್ಯಾಬ್ ತೆಗೆದ್ರೆ ಯಾವ ಸಿಸ್ಟಮಲ್ಲೂ ರ‍್ಯಾಮ್ ತುಂಬೇ ತುಂಬತ್ತೆ. ರ‍್ಯಾಮ್ ಕಮ್ಮಿ ಇದ್ರೆ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, 8 ಜಿಬಿ ಇದ್ರೆ ಸಿನಮನ್ ಆವೃತ್ತಿ ಚೆನ್ನಾಗಿ ನಡೆಯತ್ತೆ.

ವಿಂಡೋಸ್ ಪಕ್ಕದಲ್ಲೇ ಇರ್ಲಿ ಅನ್ನೋರು ಬ್ಯಾಕಪ್ ತಗೊಂಡು, ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸಿನ ಬಿಟ್‌ಲಾಕರ್ ಆನ್ ಇದೆಯಾ ನೋಡಿ ಅದರ ರಿಕವರಿ ಕೀ ಬರ್ದಿಟ್ಕೊಳ್ಳಿ, ಇಲ್ಲಾಂದ್ರೆ ಬಯಾಸಲ್ಲಿ (ಕಂಪ್ಯೂಟರ್ ಶುರುವಾಗೋ ಹೊತ್ತಿನ ಮೂಲ ಸೆಟ್ಟಿಂಗ್) ಏನಾದ್ರೂ ಬದಲಾಯಿಸಿದ ಮೇಲೆ ವಿಂಡೋಸ್ ಕೀ ಕೇಳ್ಕೊಂಡು ನಿಂತ್ಬಿಡತ್ತೆ. ವಿಂಡೋಸನ್ನ ಪೂರ್ತಿ ಆಫ್ ಆಗಕ್ಕೆ ಬಿಡದ ಫಾಸ್ಟ್ ಸ್ಟಾರ್ಟಪ್ ಅನ್ನೋ ಸೆಟ್ಟಿಂಗ್ ಆಫ್ ಮಾಡಿ. ಆಮೇಲೆ ವಿಂಡೋಸಿಗೆ ಹೋದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ತೋರಿಸಿದ್ರೆ ಸೆಲ್ ಹೋಗಿದೆ ಅಂತ ಅಂಗಡಿಗೆ ತರ್ಬೇಡಿ. ಮದರ್‌ಬೋರ್ಡ್ ಗಡಿಯಾರವನ್ನ ಲಿನಕ್ಸ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ) ಅಂತ ಓದತ್ತೆ, ವಿಂಡೋಸ್ ಸ್ಥಳೀಯ ಸಮಯ ಅಂತ ಓದತ್ತೆ, ಅಷ್ಟೇ. ಲಿನಕ್ಸಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿದ್ರೆ ಸರಿಹೋಗತ್ತೆ.

ಇನ್ನೊಂದು ವಿಷ್ಯ ನನ್ನ ಮನಸ್ಸಿಗೆ ತುಂಬಾ ಹತ್ರದ್ದು. ಮಗ ಬೆಂಗಳೂರಿಂದ ಶನಿವಾರ ಬರ್ತಾನೆ, ಅಪ್ಪನ ಕಂಪ್ಯೂಟರ್‌ಗೆ ಲಿನಕ್ಸ್ ಹಾಕ್ತಾನೆ, ಭಾನುವಾರ ರಾತ್ರಿ ಬಸ್ಸಿಗೆ ಹೋಗ್ತಾನೆ. ಸೋಮವಾರ ಅಪ್ಪ ನನ್ನ ಹತ್ರ ಬಂದು "ಮೊದಲಿನ ಥರ ಮಾಡ್ಕೊಡಪ್ಪ" ಅಂತಾರೆ. ಸಿಸ್ಟಮ್‌ದು ತಪ್ಪಿಲ್ಲ, ಅಪ್ಪನ್ನ ಯಾರೂ ಕೇಳಿರ್ಲಿಲ್ಲ. ಬಳಸೋರನ್ನೇ ಕುರ್ಚೀಲಿ ಕೂರಿಸಿ, ವೈಫೈ ಪಾಸ್‌ವರ್ಡ್ ಅವರ ಕೈಲೇ ಹೊಡೆಸಿ, ಪೆನ್ಷನ್ ಸ್ಲಿಪ್ಪು ಅವರ ಕೈಲೇ ಪ್ರಿಂಟ್ ತೆಗೆಸಿ, ಪಂಚಾಂಗದ ಪಿಡಿಎಫ್ ಎಲ್ಲಿದೆ ಅಂತ ತೋರಿಸಿ. ಹೊರಡೋ ಮುಂಚೆ ಸಿಸ್ಟಮ್‌ನ ಸ್ಥಿತಿಯನ್ನ ಆಗಾಗ ಉಳಿಸಿಡೋ ಟೈಮ್‌ಶಿಫ್ಟ್ ಆನ್ ಮಾಡಿ, ಯಾವ್ದಾದ್ರೂ ಅಪ್‌ಡೇಟ್ ಎಡವಟ್ಟು ಮಾಡಿದ್ರೆ ಹಿಂದಿನ ದಿನದ ಸ್ಥಿತಿಗೆ ವಾಪಸ್ ಹೋಗ್ಬೋದು, ಅದನ್ನ ಫೋನಲ್ಲೇ ಹೇಳ್ಕೊಡಕ್ಕೂ ಬರತ್ತೆ. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಇದೆ.