ಬರೆದು ಮುಗಿಸೋಕೆ ಮೊದ್ಲೇ ತಪ್ಪು ಅಂದ್ರೆ ಹೇಗೆ?

ಫಾರ್ಮ್ ತುಂಬೋಕೆ ಕೂತಿರ್ತೀವಿ, ಇಮೇಲ್ ಜಾಗದಲ್ಲಿ ಒಂದಕ್ಷರ ಒತ್ತಿದ್ದೇ ತಡ, ಕೆಳಗೆ ಕೆಂಪಕ್ಷರದಲ್ಲಿ 'ಇಮೇಲ್ ಸರಿಯಿಲ್ಲ' ಅಂತ ಬಂದುಬಿಡುತ್ತೆ. ಅರೆ, ಇನ್ನೂ ಬರೀತಾ ಇದೀನಲ್ಲ! ನನಗಂತೂ ಇದು ಮಾತು ಮುಗಿಯೋಕೆ ಮುಂಚೆ ಬಾಯಿ ಹಾಕಿದ ಹಾಗೇ ಅನ್ಸುತ್ತೆ.

1995ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿದ್ದ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ, ಬ್ರೌಸರ್ ಒಳಗೇ ಓಡೋ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಮಾಡಿದ್ರು, ಅದಕ್ಕೂ ಮುಂಚೆ ಸಬ್ಮಿಟ್ ಒತ್ತಿ ಎಲ್ಲಾ ವೆಬ್‌ಸೈಟ್ ನಡೆಸೋ ದೂರದ ಕಂಪ್ಯೂಟರ್, ಅಂದ್ರೆ ಸರ್ವರ್‌ಗೆ ಹೋಗಿ ವಾಪಸ್ ಬಂದ್ಮೇಲೇ ತಪ್ಪು ಗೊತ್ತಾಗ್ತಿದ್ದಿದ್ದು. ಈಗ ಒಂದೊಂದು ಕೀ ಒತ್ತಿದಾಗ್ಲೂ ಬ್ರೌಸರ್‌ಗೆ ಸುದ್ದಿ ಸಿಗುತ್ತೆ, ಆ ಬಾಕ್ಸ್ ಬಿಟ್ಟು ಮುಂದಕ್ಕೆ ಹೋದಾಗ್ಲೂ ಸಿಗುತ್ತೆ. ಹಾಗಾಗಿ ಒಳ್ಳೆ ಫಾರ್ಮ್ ಮೊದಲ ಸಲ ನಾವು ಬಾಕ್ಸ್ ಬಿಡೋವರೆಗೂ ಸುಮ್ನಿರುತ್ತೆ, ಆದ್ರೆ ಒಂದ್ಸಲ ತಪ್ಪು ತೋರಿಸಿದ್ಮೇಲೆ ಪ್ರತಿ ಅಕ್ಷರಕ್ಕೂ ನೋಡುತ್ತೆ, ಸರಿಯಾದ ಕ್ಷಣಾನೇ ಆ ಕೆಂಪು ಹೋಗ್ಬೇಕಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದು ಕಾರ್ಡ್ ನಂಬರ್. ಹದಿನಾರು ಅಂಕಿಲಿ ಒಂದು ತಪ್ಪಿದ್ರೂ ಇಂಟರ್ನೆಟ್ ಮುಟ್ಟದೇನೇ ಫಾರ್ಮ್‌ಗೆ ಗೊತ್ತಾಗುತ್ತೆ, ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ 1954ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದ ಲೆಕ್ಕ ಅದು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿನ ಎರಡರಷ್ಟು ಮಾಡಿ, 9 ದಾಟಿದ್ರೆ 9 ಕಳೀರಿ, ಎಲ್ಲಾ ಕೂಡಿಸಿ, ಮೊತ್ತ ಹತ್ತರಿಂದ ಭಾಗ ಆಗ್ಬೇಕು. 59 ತಗೊಳ್ಳಿ: 9 ಹಾಗೇ ಇರ್ಲಿ, 5 ಎರಡರಷ್ಟಾಗಿ 10, ಅದರಲ್ಲಿ 9 ಹೋದ್ರೆ 1, ಒಟ್ಟು 10, ಸರಿ. ಅವಸರದಲ್ಲಿ 95 ಅಂತ ಒತ್ತಿದ್ರೆ 14 ಬರುತ್ತೆ, ಸಿಕ್ಕಿಬಿತ್ತು! ಸುಮ್ನೆ ಕೂಡಿಸಿದ್ರೆ ಅದಲುಬದಲಾಗಿದ್ದು ಗೊತ್ತೇ ಆಗಲ್ಲ, ಎರಡರಷ್ಟು ಮಾಡೋದು ಅದಕ್ಕೇನೇ. ದೊಡ್ಡ ನಂಬರ್ ಒಳಗೆ 09 ಹೋಗಿ 90 ಆದ್ರೆ ಮಾತ್ರ ತಪ್ಪಿಸ್ಕೊಂಡುಬಿಡುತ್ತೆ, ಎರಡರಿಂದ್ಲೂ ಒಟ್ಟು ಮೊತ್ತಕ್ಕೆ ಸೇರೋದು 9 ಆಗಿರೋದ್ರಿಂದ.

ಯೂಸರ್‌ನೇಮ್ ಬೇರೆಯವರು ಆಗ್ಲೇ ತಗೊಂಡಿದಾರಾ ಅಂತ ನೋಡೋಕೆ ಮಾತ್ರ ಸರ್ವರನ್ನೇ ಕೇಳ್ಬೇಕು. ಒಂದೊಂದು ಅಕ್ಷರಕ್ಕೂ ಕೇಳಿದ್ರೆ ಸುಮ್ನೆ ಹೊರೆ, ಅದಕ್ಕೆ ಕೈ ನಿಂತ ಮೇಲೆ ಒಂದರ್ಧ ಸೆಕೆಂಡ್ ಕಾದು ಕೇಳ್ತಾರೆ. ಆಗ್ಲೂ ಹಳೇ ಪ್ರಶ್ನೆಯ ಉತ್ತರ ಹೊಸದಕ್ಕಿಂತ ತಡವಾಗಿ ಬಂದು ಸರಿ ಇರೋದನ್ನ ತಪ್ಪು ಅಂತ ತೋರಿಸಬಹುದು, ಹಾಗಾಗಿ ಕೊನೇದಾಗಿ ಕೇಳಿದ್ದರ ಉತ್ತರ ಬಿಟ್ಟು ಬೇರೆದನ್ನ ಎಸೀಬೇಕು.

ಬ್ರೌಸರ್ ಮಾಡೋ ಚೆಕ್ ಇಷ್ಟೆಲ್ಲಾ ಚೆನ್ನಾಗಿದ್ರೂ ಅದನ್ನ ದಾಟ್ಕೊಂಡು ನೇರ ಸರ್ವರ್‌ಗೇ ಡೇಟಾ ಕಳಿಸೋದು ಕಷ್ಟ ಏನಲ್ಲ, ಅದಕ್ಕೆ ಸರ್ವರ್‌ನಲ್ಲಿ ಇನ್ನೊಂದ್ಸಲ ಚೆಕ್ ಮಾಡ್ಲೇಬೇಕು. ಇಮೇಲ್ ಅಂತೂ ನೋಡೋಕೆ ಎಷ್ಟೇ ಸರಿಯಾಗಿದ್ರೂ ಆ ವಿಳಾಸ ನಿಜವಾಗ್ಲೂ ಇದೆಯಾ ಅಂತ ತಿಳೀಬೇಕಂದ್ರೆ ಅದಕ್ಕೊಂದು ಮೇಲ್ ಕಳಿಸಿ, ಒಳಗಿರೋ ಲಿಂಕನ್ನ ಅವರು ಒತ್ತೋವರೆಗೂ ಕಾಯ್ಬೇಕು.